ಸೂರ್ಯ ಮುಳುಗದ ಊರಿನಲ್ಲಿ ಅಕ್ಕನ ನಿದ್ದೆ

ಶಿಗ್ಗಾಂವ

ಇಪ್ಪತ್ತೆಂಟು ವರ್ಷಗಳಿಂದ ನಾನೂ ನನ್ನ ಗಂಡನೂ ಶಿಗ್ಗಾಂವದಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದೇವೆ. ಊರಿನಲ್ಲಿ ಯಾರಿಗೆ ನಿದ್ದೆ ಬರುತ್ತಿಲ್ಲ ಎಂಬುದು ಅವರ ಮನೆಯವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಅಂಥವರು ಉಳಿದ ಗಿರಾಕಿಗಳೆಲ್ಲ ಹೋಗುವ ತನಕ ಬದಿಗೆ ನಿಂತಿದ್ದು, ಆಮೇಲೆ ಮುಂದೆ ಬಾಗಿ ಸಣ್ಣ ದನಿಯಲ್ಲಿ ಕೇಳುತ್ತಾರೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಾಗೆ ಬದಿಗೆ ನಿಂತಿದ್ದವಳು ನನ್ನ ಅಕ್ಕ.

“ನೀಲಾ, ನಿದ್ದೀದು ಏನರ ಇದ್ರ ಕೊಡವಾ.”

“ಎಂದಿನಿಂದ ಬರವಲ್ದು?”

“ಶ್ರಾವಣದಿಂದ.”

ಅಕ್ಕನ ಹೆಸರು ಗಂಗಮ್ಮ. ಮದುವೆಯಾಗಲಿಲ್ಲ, ಹಾನಗಲ್ಲಿನಲ್ಲಿ ತಾನೇ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಇರುತ್ತಾಳೆ. ಹೆರಿಗೆ ಮಾಡಿಸುವ ಸರಕಾರಿ ನರ್ಸ್ ಆಗಿ ಮೊದಲು ಹಿರೇಕೆರೂರು ಕಡೆಯ ಹಳ್ಳಿಯೊಂದರಲ್ಲಿ, ಆಮೇಲೆ ತಡಸದಲ್ಲಿ, ಕಡೆಗೆ ಹಾನಗಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗಲೂ ಸಂತೆಗೆ ಹೋದರೆ ನಡುವಯಸ್ಸಿನ ಗಂಡಸರು “ನಮಸ್ಕಾರ್ರಿ ಬಾಯಾರ” ಎಂದು ಕೈಮುಗಿಯುತ್ತಾರೆ. ಅವರು ಆಚೆ ಹೋದ ಮೇಲೆ ಅಕ್ಕ ನನಗೆ, “ಇವನ ಕಾಲು ಮೊದಲ ಬಂದಿದ್ವು” ಎನ್ನುತ್ತಾಳೆ.

ಅಂಗಡಿಯಿಂದ ಏನನ್ನೂ ಕೊಡದೆ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ವಯಸ್ಸು ಅರವತ್ತೆಂಟು, ಬಿ.ಪಿ. ಗುಳಿಗೆ ಬೇರೆ ನಡೆದಿದೆ. ಡಾಕ್ಟರು ಎಲ್ಲ ವಿಚಾರಿಸಿ ಮೆಲಟೋನಿನ್ ಬರೆದುಕೊಟ್ಟರು, ಅದೂ ಸಣ್ಣ ಪ್ರಮಾಣದ್ದು. ಬಸ್ಸಿನಲ್ಲಿ ಬರುವಾಗ ಅಕ್ಕನಿಗೆ ತಿಳಿಸಿ ಹೇಳಿದೆ.

“ಇದು ಮತ್ತಿನ ಗುಳಿಗಿ ಅಲ್ಲಕ್ಕಾ. ಕತ್ತಲಾದಾಗ ನಮ್ಮ ತಲಿಯೊಳಗ ತಾನ ತಯಾರಾಗೂ ಪದಾರ್ಥ ಇದು. ಕತ್ತಲಾತು, ಇನ್ನ ಮಕ್ಕೋ ಅಂತ ಮೈಗೆ ಹೇಳ್ತೈತಿ. ಅಷ್ಟ ಇದರ ಕೆಲಸ.”

“ಕತ್ತಲಾದ್ರ ನನಗ ಎಚ್ಚರನ ಜಾಸ್ತಿ. ಕತ್ತಲಾದಮ್ಯಾಲೆನ ಯಾರರ ಬಂದು ಬಾಗಲಾ ಬಡೀತಿದ್ರು,” ಎಂದಳು ಅಕ್ಕ.

ಗುಳಿಗೆ ಅಲ್ಪಸ್ವಲ್ಪ ಕೆಲಸ ಮಾಡಿತು. ಹತ್ತಕ್ಕೆ ಮಲಗಿದರೆ ಎರಡಕ್ಕೆ ಎದ್ದು ಕೂರುತ್ತಿದ್ದಳು. ಯಾಕೆಂದು ಕೇಳಿದರೆ ವಯಸ್ಸು ಎನ್ನುತ್ತಿದ್ದಳು.

ಅದಕ್ಕೂ ಮೊದಲಿನ ಚಳಿಗಾಲದಲ್ಲಿ ನಾರ್ವೆ ದೇಶದಿಂದ ಒಬ್ಬ ಹೆಂಗಸು ಅಕ್ಕನನ್ನು ಹುಡುಕಿಕೊಂಡು ಬಂದಿದ್ದಳು. ಹೆಸರು ಸುನ್ನಿವಾ. ಹಿರೇಕೆರೂರು ಕಡೆಯ ಆ ಹಳ್ಳಿಯ ಆರೋಗ್ಯ ಉಪಕೇಂದ್ರದ ಕಲ್ಲಿನ ಮೆಟ್ಟಿಲ ಮೇಲೆ, ಅಂದರೆ ಪಾವಟಿಗೆಯ ಮೇಲೆ, ಸಿಕ್ಕ ಕೂಸು ಅವಳು. ಒಂದು ಅನಾಥಾಶ್ರಮದ ಮೂಲಕ ನಾರ್ವೆಯ ದಂಪತಿ ದತ್ತಕ ತೆಗೆದುಕೊಂಡಿದ್ದರು. ಅವಳ ಕೈಯಲ್ಲಿದ್ದ ಹಳೆಯ ಕಾಗದದ ಮೇಲೆ ಅಕ್ಕನ ಸಹಿ ಇತ್ತು. ಅಂದು ದುಭಾಷಿಯಾಗಿ ಕೂತವಳು ನಾನು. “ಮುಂಜಾನೆ ಬಾಗಲಾ ತೆಗದೆ, ಪಾವಟಿಗಿ ಮ್ಯಾಲೆ ಇದ್ದಿ, ಎತ್ಕೊಂಡೆ,” ಎಂದಿಷ್ಟೇ ಅಕ್ಕ ಹೇಳಿದ್ದಳು. ಸುನ್ನಿವಾ ಅಕ್ಕನ ಎರಡೂ ಕೈಗಳನ್ನು ಹಿಡಿದು, ನನ್ನನ್ನು ಮೊದಲು ಎತ್ತಿಕೊಂಡ ಕೈಗಳು ಇವು ಎಂದು ಬಹಳ ಹೊತ್ತು ಬಿಡಲಿಲ್ಲ. ಒಟ್ಟಿಗೆ ಕೂತು ಫೋಟೋ ತೆಗೆಸಿಕೊಂಡು ಹೋದಳು. ತನ್ನ ನಲವತ್ತನೆಯ ಹುಟ್ಟುಹಬ್ಬಕ್ಕೆ ಬರಲೇಬೇಕೆಂದು ಆಮೇಲೆ ಪತ್ರ ಬರೆದಳು, ಟಿಕೆಟ್ಟನ್ನೂ ಕಳಿಸಿದಳು. ಅಕ್ಕ ಒಲ್ಲೆ ಒಲ್ಲೆ ಎನ್ನುತ್ತಲೇ ಇದ್ದವಳು ಯುಗಾದಿಯ ಹೊತ್ತಿಗೆ ಒಂದು ದಿನ ಫೋನು ಮಾಡಿ, “ಹೋಗೂಣು. ಆದರ ನೀ ಸಂಗಾಟ ಬರಬೇಕು,” ಎಂದಳು.

ದೋಹಾ

ವಿಮಾನ ಬದಲಿಸುವ ಈ ಊರಿನಲ್ಲಿ ನಾವು ಕಂಡದ್ದು ನಿದ್ದೆ ಮಾಡುವ ಜನರನ್ನು ಮಾತ್ರ. ಕುರ್ಚಿಯ ಮೇಲೆ, ಕುರ್ಚಿಯ ಕೆಳಗೆ, ಚೀಲಕ್ಕೆ ತಲೆ ಕೊಟ್ಟು, ಬೂಟಿಗೆ ತಲೆ ಕೊಟ್ಟು ದೇಶದೇಶದವರು ಮಲಗಿದ್ದರು. ಅಕ್ಕ ವಾರ್ಡಿನಲ್ಲಿ ಓಡಾಡುವವಳಂತೆ ಒಂದು ಸುತ್ತು ಹೋಗಿ ಎಲ್ಲರನ್ನೂ ನೋಡಿಕೊಂಡು ಬಂದಳು. “ಎಷ್ಟ ಆರಾಮ ಮಕ್ಕೊಂಡಾರ ನೋಡು,” ಎಂದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ.

ನಮ್ಮ ಎದುರಿಗೆ ಒಬ್ಬ ತರುಣಿ ಅಳುವ ಕೂಸನ್ನು ಹೆಗಲಿನಿಂದ ಹೆಗಲಿಗೆ ಹಾಕುತ್ತ ಸುಸ್ತಾಗಿದ್ದಳು. ಯಾವ ದೇಶದವಳೋ ಗೊತ್ತಾಗಲಿಲ್ಲ. ಅಕ್ಕ ಸುಮ್ಮನೆ ಹೋಗಿ ಕೈ ಚಾಚಿದಳು. ಅವಳೂ ಸುಮ್ಮನೆ ಕೊಟ್ಟಳು. ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿನ ಕೆಳಭಾಗವನ್ನು ಮೆಲ್ಲಗೆ ತಟ್ಟಿದಳು. ಐದು ನಿಮಿಷಕ್ಕೆ ಕೂಸು ಮಲಗಿತು. ತಾಯಿಯೂ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ನಮ್ಮ ವಿಮಾನ ಕೂಗುವ ತನಕ ಅಕ್ಕ ಅವರಿಬ್ಬರನ್ನೂ ಕಾಯುತ್ತ ಕೂತಳು.

ನಾನು ನನ್ನ ಕೈಗಡಿಯಾರವನ್ನು ತಿರುಗಿಸಿಕೊಂಡೆ. ಅಕ್ಕ ತನ್ನದನ್ನು ಮುಟ್ಟಗೊಡಲಿಲ್ಲ.

“ಇದು ಹಾನಗಲ್ಲಿನ ಟೈಮ್ ತೋರಸಲಿ. ಊರಾಗ ಈಗ ಎಷ್ಟ ಆಗೇತಿ ಅಂತ ನನಗ ಗೊತ್ತಿರಬೇಕು.”

ಟ್ರೊಮ್ಸೊ, ಮೊದಲ ದಿನ

ಟ್ರೊಮ್ಸೊ ಎಂಬುದು ನಾರ್ವೆಯ ಉತ್ತರದ ತುದಿಯ ಹತ್ತಿರ, ಒಂದು ದ್ವೀಪದ ಮೇಲಿರುವ ಊರು. ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಊಟ ಮುಗಿಸಿ ಕೈತೊಳೆದು ನೋಡಿದರೆ ಮಧ್ಯಾಹ್ನ ನಾಲ್ಕರಂಥ ಬಿಸಿಲು, ಗಡಿಯಾರದಲ್ಲಿ ರಾತ್ರಿ ಹನ್ನೊಂದು. ಇದನ್ನು ಮೈ ಒಪ್ಪಿಕೊಳ್ಳುವುದು ಬೇರೆ ಮಾತು. ಪಕ್ಕದ ಮನೆಯಾತ ಆ ಹೊತ್ತಿನಲ್ಲಿ ಏಣಿ ಹಾಕಿಕೊಂಡು ಗೋಡೆಗೆ ಬಣ್ಣ ಬಳಿಯುತ್ತಿದ್ದ. ಎದುರಿನ ಗುಡ್ಡದ ನೆತ್ತಿಯಲ್ಲಿ ಜೂನ್ ತಿಂಗಳಲ್ಲೂ ಹಿಮ ಉಳಿದಿತ್ತು.

ಸುನ್ನಿವಾ ಬಾಯಿ ತೆರೆಯುವ ತನಕ ನಮ್ಮ ಹಿರೇಕೆರೂರು ಸಂತೆಯಲ್ಲಿ ಕಾಣುವ ಹೆಂಗಸರಂತೆಯೇ ಕಾಣುತ್ತಾಳೆ. ಅದೇ ಅಗಲ ಹಣೆ, ಅದೇ ಗಟ್ಟಿ ಮಣಿಕಟ್ಟು. ಆಂಬುಲೆನ್ಸ್ ಓಡಿಸುವುದು ಅವಳ ಕೆಲಸ. ಅವಳ ಹೆಸರು ನಾಲಿಗೆಗೆ ಹತ್ತದೆ ಅಕ್ಕ ಮೊದಲ ದಿನವೇ ಸುನಂದಾ ಎಂದು ಕರೆಯತೊಡಗಿದಳು. ಅವಳೂ ಓ ಎನ್ನತೊಡಗಿದಳು.

ಅವರ ಮನೆಯಲ್ಲೂ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಅದು ಅಕ್ಕನಿಗೆ ಹಿಡಿಸಿತು. ಇಬ್ಬರು ಮಲಗುವ ಮಂಚಕ್ಕೂ ಹೊದಿಕೆ ಒಬ್ಬೊಬ್ಬರಿಗೆ ಒಂದೊಂದು. ನಮ್ಮಲ್ಲಿ ಅಕ್ಕತಂಗಿಯರು ಒಂದೇ ಚಾದರ ಎಳೆದಾಡಿ ಬೆಳೆದದ್ದನ್ನು ಹೇಳಿದಾಗ ಸುನ್ನಿವಾ, “ಜಗಳ ಇಲ್ಲದೆ ಮಲಗಲಿ ಎಂದೇ ಹೀಗೆ” ಎಂದಳು. ಕಂದು ಬಣ್ಣದ ಒಂದು ಸಿಹಿ ಚೀಸನ್ನು ತೆಳ್ಳಗೆ ಹೆರೆದು ಕೊಟ್ಟಳು. “ಖವಾ ಸೀದಂಗ ಐತಿ” ಎಂದ ಅಕ್ಕ ಮೂರು ಸಲ ಹಾಕಿಸಿಕೊಂಡಳು.

ಮಲಗುವ ಮುಂಚೆ ನಾನು ಗುಳಿಗೆಯ ಪಟ್ಟಿ ತೆಗೆದೆ. ಸುನ್ನಿವಾ ಅದನ್ನು ನೋಡಿ ಒಳಗಿನಿಂದ ತನ್ನ ಬಾಟಲಿ ತಂದು ಮೇಜಿನ ಮೇಲಿಟ್ಟಳು. ಅದೂ ಮೆಲಟೋನಿನ್ನೇ. ಹಗಲುಪಾಳಿ ರಾತ್ರಿಪಾಳಿ ಎಂದು ಅವಳ ಕೆಲಸ ಬದಲಾಗುತ್ತಲೇ ಇರುತ್ತದೆ. “ಪಾಳಿ ಒಂದು ನೆಪ. ನನಗೆ ಚಿಕ್ಕಂದಿನಿಂದಲೂ ನಿದ್ದೆ ಕಡಿಮೆ,” ಎಂದಳು. ನಾನು ಅದನ್ನು ಅಕ್ಕನಿಗೆ ಹೇಳಿದಾಗ ಅಕ್ಕ ತಲೆ ಎತ್ತಲಿಲ್ಲ. ಮುಖದ ಮೇಲೆ ಬಿಸಿಲು ಬೀಳುತ್ತಿರಲು ಮೂವರೂ ಅಡುಗೆಮನೆಯಲ್ಲಿ ನಿಂತು, ಈಗ ಕತ್ತಲಾಯಿತು ಎಂದು ಹೇಳುವ ಗುಳಿಗೆಯನ್ನು ನುಂಗಿ ನೀರು ಕುಡಿದೆವು. ಆಮೇಲೆ ಸುನ್ನಿವಾ ಕೋಣೆಕೋಣೆಗೆ ಹೋಗಿ ದಪ್ಪನೆಯ ಕಪ್ಪು ಪರದೆಗಳನ್ನು ಎಳೆದಳು.

ಎರಡನೆಯ ದಿನ, ಏಳನೆಯ ನಂಬರಿನ ಬಸ್ಸು

ಸಂಜೆ ಅಕ್ಕನೂ ನಾನೂ ಪೇಟೆಗೆ ಹೋದೆವು. ಅಲ್ಲಿಯ ಔಷಧದ ಅಂಗಡಿ ನೋಡುವ ಆಸೆ ನನಗೆ. ಅಕ್ಕ ಕಾಲು ನೋವೆಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಳು. ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೋದೆ.

ಅಂಗಡಿಯಲ್ಲಿ ಬ್ಯಾಂಕಿನಂತೆ ಚೀಟಿ ತೆಗೆದುಕೊಂಡು ನಂಬರು ಬರುವ ತನಕ ಕೂರಬೇಕು. ಯಾರೂ ಯಾರ ಹೆಗಲ ಮೇಲಿನಿಂದಲೂ ಕೈ ಚಾಚುವುದಿಲ್ಲ, ಅರ್ಧ ಪಟ್ಟಿ ಕತ್ತರಿಸಿ ಕೊಡ್ರಿ ಎನ್ನುವುದಿಲ್ಲ. ನನ್ನ ಮುಂದಿದ್ದ ಮುದುಕರೊಬ್ಬರ ಜೊತೆ ಅಂಗಡಿಯ ಹುಡುಗಿ ಹತ್ತು ನಿಮಿಷ ಮಾತಾಡಿದಳು, ಅದೂ ಬಹಳ ತಾಳ್ಮೆಯಿಂದ. ಅವರು ಬಾಗಿಲು ದಾಟುವ ತನಕ ನೋಡುತ್ತ ನಿಂತಿದ್ದಳು. ನಾನು ನನ್ನ ಗಿರಾಕಿಗಳಿಗೆ ಕೊಡುವ ಹೊತ್ತನ್ನು ನೆನೆದು ನಾಚಿಕೆಯಾಯಿತು. ಹಾಗೆ ನಾಚಿಕೊಳ್ಳುತ್ತ ಅರ್ಧ ತಾಸು ಕಳೆದುಬಿಟ್ಟೆ.

ಹೊರಗೆ ಬಂದರೆ ಬೆಂಚಿನ ಮೇಲೆ ಅಕ್ಕನಿಲ್ಲ.

ಆ ಬೀದಿಯಲ್ಲಿ ಹತ್ತು ಸಲ ಹಿಂದೆ ಮುಂದೆ ಓಡಾಡಿರಬೇಕು. ಸೀರೆ ಉಟ್ಟ ಮುದುಕಿಯನ್ನು ಕಂಡಿರಾ ಎಂದು ಸಿಕ್ಕವರನ್ನೆಲ್ಲ ಕೇಳಿದೆ. ಅಷ್ಟರಲ್ಲಿ ಸುನ್ನಿವಾಳ ಫೋನು ಬಂತು: ಅಕ್ಕ ಏಳನೆಯ ನಂಬರಿನ ಬಸ್ಸಿನಲ್ಲಿದ್ದಾಳೆ, ಬಸ್ಸು ಕೊನೆಯ ಸ್ಟಾಪಿನಲ್ಲಿದೆ, ನೀನು ಅಲ್ಲಿಯೇ ಇರು, ಬರುತ್ತೇನೆ.

ಕಾರಿನಲ್ಲಿ ಸೇತುವೆ ದಾಟಿ ಹೋದೆವು. ಖಾಲಿ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ಗಾಢ ನಿದ್ದೆಯಲ್ಲಿದ್ದಳು. ಮೈಮೇಲೆ ಯಾರದೋ ದೊಡ್ಡ ಕೋಟು. ಎದುರಿನ ಸೀಟಿನಲ್ಲಿ ಬರೀ ಅಂಗಿಯಲ್ಲಿ ಡ್ರೈವರ್ ಕೂತಿದ್ದ. ಸೊಮಾಲಿಯಾ ಕಡೆಯವನಂತೆ. ಅಕ್ಕನ ಸ್ವೆಟರಿಗೆ ನಾನು ಪಿನ್ನಿನಿಂದ ಚುಚ್ಚಿದ್ದ ಚೀಟಿಯಲ್ಲಿ ಸುನ್ನಿವಾಳ ನಂಬರು ನೋಡಿ ಫೋನು ಮಾಡಿದವನು ಅವನೇ.

“ಎಬ್ಬಿಸಬಹುದಿತ್ತು,” ಎಂದು ತಾನೇ ಹೇಳಿದ. “ನನ್ನ ತಾಯಿಯೂ ಹೀಗೆ ಕೂತಲ್ಲೇ ಮಲಗುತ್ತಾಳೆ. ಅವಳನ್ನು ನೋಡಿ ಹನ್ನೊಂದು ವರ್ಷವಾಯಿತು. ಇವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ.”

ಎಚ್ಚರವಾದ ಮೇಲೆ ತಿಳಿದದ್ದು ಇಷ್ಟು. ಅಕ್ಕನ ಗಡಿಯಾರದಲ್ಲಿ ರಾತ್ರಿ ಒಂಬತ್ತಾಗಿತ್ತು, ಅಲ್ಲಿಯ ಐದೂವರೆ. ಒಂಬತ್ತಕ್ಕೆ ಗುಳಿಗೆ ಎಂಬ ನನ್ನ ಮಾತನ್ನು ತಪ್ಪದೆ ಪಾಲಿಸಿ, ಪರ್ಸಿನಲ್ಲಿದ್ದದ್ದನ್ನು ನುಂಗಿದ್ದಾಳೆ. ಕಣ್ಣು ಎಳೆಯತೊಡಗಿದಾಗ ಮನೆಗೆ ಹೋಗಿಬಿಡೋಣವೆಂದು ಗುರುತಿನ ನಂಬರಿನ ಬಸ್ಸು ಹತ್ತಿದ್ದಾಳೆ. ಎರಡು ದಿನದ ದಣಿವೂ ಜೊತೆಗಿತ್ತು. ತಪ್ಪನ್ನೆಲ್ಲ ಗುಳಿಗೆಯ ಮೇಲೆ ಹಾಕಲಾರೆ. ಈ ಗುಳಿಗೆಯಲ್ಲಿ ಪ್ರಮಾಣದಷ್ಟೇ ಹೊತ್ತೂ ಮುಖ್ಯ ಎಂದು ಗಿರಾಕಿಗಳಿಗೆಲ್ಲ ಹೇಳುವವಳು ನಾನು, ನನ್ನ ಅಕ್ಕನಿಗೆ ಯಾವ ಊರಿನ ಒಂಬತ್ತು ಎಂದು ಹೇಳಿರಲಿಲ್ಲ.

ಕೋಟು ಹಿಂದಿರುಗಿಸುವಾಗ ಅಕ್ಕ ಡ್ರೈವರನ ತಲೆ ಮುಟ್ಟಿ, “ನಿಮ್ಮವ್ವಗ ಫೋನ್ ಮಾಡಪಾ” ಎಂದಳು. ನಾನು ಅನುವಾದಿಸುವ ಮೊದಲೇ ಅವನು ಹೂಂ ಎಂದ.

ನಾಲ್ಕನೆಯ ದಿನ, ಬೆರಿತ್

ಸುನ್ನಿವಾಳನ್ನು ಸಾಕಿದ ತಾಯಿಯ ಹೆಸರು ಬೆರಿತ್. ಎಪ್ಪತ್ತೈದರ ಹೆಂಗಸು. ಗಂಡ ತೀರಿಕೊಂಡಿದ್ದಾರೆ. ಬಂದರಿನ ಹತ್ತಿರದ ಕಾಫಿ ಅಂಗಡಿಗೆ ನಮ್ಮನ್ನು ಕರೆದಿದ್ದರು. ಸುನ್ನಿವಾ ಕೆಲಸಕ್ಕೆ ಹೋಗಿದ್ದಳು.

ಅಂಗಡಿಯ ಹೊರಗೆ ಮೂರು ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಅಕ್ಕ ಬಾಗಿ ನೋಡಿದರೆ ಮೂರರಲ್ಲೂ ಕೂಸುಗಳು, ಮೂಗಷ್ಟೇ ಕಾಣುವಂತೆ ಹೊದಿಸಿ ಮಲಗಿಸಿದ್ದರು. ಗಾಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ತಾಯಂದಿರು ಒಳಗೆ ಬೆಚ್ಚಗೆ ಕೂತು ಕಾಫಿ ಕುಡಿಯುತ್ತಿದ್ದರು.

“ಇವ್ರಿಗೆ ಬುದ್ಧಿ ಐತೋ ಇಲ್ಲೋ,” ಎಂದ ಅಕ್ಕ ಒಳಗೆ ಬರಲು ಒಪ್ಪದೆ ಗಾಡಿಗಳ ಪಕ್ಕದಲ್ಲಿ ಕಾವಲು ನಿಂತುಬಿಟ್ಟಳು. ಬೆರಿತ್ ನಗುತ್ತ ಹೊರಗೆ ಬಂದರು. ಇಲ್ಲಿ ಎಲ್ಲರೂ ಕೂಸುಗಳನ್ನು ಹೊರಗೇ ಮಲಗಿಸುತ್ತಾರೆ, ತಣ್ಣಗಿನ ಗಾಳಿಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತವೆ ಎಂದರು. ಅಕ್ಕ ಒಂದು ಕೂಸಿನ ಕತ್ತಿನ ಹಿಂದೆ ಬೆರಳಿಟ್ಟು ನೋಡಿದಳು. ಬೆಚ್ಚಗಿತ್ತು. ಆಮೇಲೆ ಒಳಗೆ ಬಂದಳು, ಆದರೂ ಕಿಟಕಿಯ ಪಕ್ಕದ ಕುರ್ಚಿಯೇ ಬೇಕೆಂದಳು.

“ನನ್ನ ಮಗಳು ಮಾತ್ರ ಹೊರಗೂ ಮಲಗಲಿಲ್ಲ, ಒಳಗೂ ಮಲಗಲಿಲ್ಲ,” ಎಂದರು ಬೆರಿತ್. “ಬಂದಾಗ ಐದು ತಿಂಗಳ ಕೂಸು. ಒಂದು ವರ್ಷ ನಿದ್ದೆಯೇ ಇಲ್ಲ. ಗಾಡಿಯ ಗಾಲಿ ಉರುಳುತ್ತಿದ್ದರೆ ಮಲಗುತ್ತಿದ್ದಳು, ನಿಂತರೆ ಎಚ್ಚರ. ಹಿಮದಲ್ಲಿ ಈ ಬಂದರಿನ ಉದ್ದಕ್ಕೂ ನಾನೂ ನನ್ನ ಗಂಡನೂ ಸರದಿಯ ಮೇಲೆ ತಳ್ಳುತ್ತಿದ್ದೆವು. ಯಾರನ್ನೋ ಹುಡುಕುವವಳಂತೆ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು.”

ನಾನು ಹೇಳಿದ್ದನ್ನು ಕೇಳಿ ಅಕ್ಕ ಕಪ್ಪನ್ನು ಕೆಳಗಿಟ್ಟಳು.

“ಒಂದ ವರ್ಷ ಪೂರ್ತಿ ಏನು? ಮತ್ತೊಮ್ಮೆ ಕೇಳು.”

ಕೇಳಿದೆ. ಪೂರ್ತಿ ಒಂದು ವರ್ಷ ಎಂದರು ಬೆರಿತ್.

ಅಕ್ಕ ಮೇಜಿನ ಆಚೆಗೆ ಕೈ ಚಾಚಿ ಅವರ ಕೈ ಹಿಡಿದಳು. ಇಬ್ಬರ ಕೈಗಳ ಮೇಲೂ ಅದೇ ಚುಕ್ಕೆಗಳು, ಅದೇ ಉಬ್ಬಿದ ನರಗಳು. ಅಂದು ಅಕ್ಕ ಗುಳಿಗೆ ತೆಗೆದುಕೊಳ್ಳಲಿಲ್ಲ. ಕಪ್ಪು ಪರದೆಯ ಕೋಣೆಯಲ್ಲಿ ಅವಳು ಎಚ್ಚರವಾಗಿದ್ದದ್ದು ನನಗೆ ಉಸಿರಿನಿಂದಲೇ ತಿಳಿಯುತ್ತಿತ್ತು.

ಐದನೆಯ ದಿನ, ಅಡುಗೆಮನೆ

ಮರುದಿನ ಸುನ್ನಿವಾಳ ಹುಟ್ಟುಹಬ್ಬ. ಸಂಜೆಯ ಊಟ ಮುಗಿಸಿ ಅವಳು ಎಂದಿನಂತೆ ಮೂರು ಗ್ಲಾಸು ನೀರು ತಂದಿಟ್ಟಳು. ಅಕ್ಕ ತನ್ನ ಗ್ಲಾಸನ್ನು ಬದಿಗೆ ಸರಿಸಿದಳು.

“ನೀಲಾ, ನಾ ಹೇಳೂದನ್ನ ಒಂದಕ್ಷರ ಬಿಡದಂಗ ಅಕಿಗೆ ಹೇಳು. ನಡುವ ನೀ ಏನೂ ಕೇಳಬ್ಯಾಡ.”

ಹೂಂ ಎಂದೆ.

“ನೀ ಪಾವಟಿಗಿ ಮ್ಯಾಲೆ ಇರಲಿಲ್ಲ.”

ನಾನು ಅಕ್ಕನ ಮುಖ ನೋಡಿದೆ. “ಹೇಳು,” ಎಂದಳು. ಹೇಳಿದೆ.

“ನಿನ್ನ ಹಡದಾಕಿ ನನ್ನ ಕ್ವಾಟರ್ಸಿನ್ಯಾಗ ಒಂಬತ್ತ ದಿನಾ ಇದ್ಲು. ಹತ್ತೊಂಬತ್ತ ವರ್ಷದಾಕಿ. ಮದಿವಿ ಆಗಿರಲಿಲ್ಲ. ಹೊಟ್ಟಿಬ್ಯಾನಿ ಅಂತ ಊರಾಗ ಹೇಳಿ ಅವರವ್ವ ಬ್ಯಾರೆ ತಾಲೂಕಿನಿಂದ ಕರಕೊಂಡ ಬಂದಿದ್ಲು.”

ನನ್ನ ಇಂಗ್ಲಿಷು ಔಷಧದ ಪೊಟ್ಟಣಗಳ ಮೇಲಿನ ಇಂಗ್ಲಿಷು. ಹಡೆದವಳು ಎಂಬುದಕ್ಕೆ ಮದರ್ ಎಂಬ ಒಂದೇ ಮಾತು ನನಗೆ ಸಿಕ್ಕಿದ್ದು. ಅದನ್ನು ಕೇಳಿ ಸುನ್ನಿವಾ ಕುರ್ಚಿಯ ತುದಿಗೆ ಬಂದಳು.

“ಒಂಬತ್ತ ದಿನಾನೂ ಅಕಿ ನಿನ್ನ ಕೆಳಗ ಇಳಸಲಿಲ್ಲ. ನೀ ಅಕಿ ಎದಿ ಮ್ಯಾಲೆ ಅಷ್ಟ ಮಕ್ಕೋತಿದ್ದಿ. ನಾ ಎತ್ಕೊಂಡ್ರ ಎಚ್ಚರಾಗ್ತಿದ್ದಿ. ಹತ್ತನೇ ದಿನಾ ಅವರವ್ವ ಬಂದು, ಪಾವಟಿಗಿ ಮ್ಯಾಲೆ ಸಿಕ್ತು ಅಂತ ಬರಕೋರಿ ಬಾಯಾರ, ಇಲ್ಲಂದ್ರ ನನ್ನ ಮಗಳು ಬದುಕೂದಿಲ್ಲ ಅಂದ್ಲು. ನಾ ಬರದೆ. ಯಾರಿಗೂ ಹೇಳೂದಿಲ್ಲಂತ ಆ ಹುಡುಗಿ ನನ್ನ ಕೈ ಮುಟ್ಟಿ ಮಾತ ತಗೊಂಡ್ಲು.”

ನಾನು ಒಂದೊಂದೇ ವಾಕ್ಯ ಹೇಳುತ್ತ ಹೋದೆ. ನನಗೂ ಇದೆಲ್ಲ ಆಗಲೇ ತಿಳಿಯುತ್ತಿತ್ತು.

“ಆಮ್ಯಾಲೆ ಅಕಿನ್ನ ಸವಣೂರ ಕಡೆ ಕೊಟ್ರು. ವರ್ಷಕ್ಕೊಮ್ಮೆ ನಾ ಎಲ್ಲಿದ್ರೂ ಹುಡಿಕ್ಕೊಂಡ ಬರ್ತಿದ್ಲು. ಒಂದ ಕಟ್ಟ ಎಲಿ ತರ್ತಿದ್ಲು.”

ಇಲ್ಲಿ ನನ್ನ ಮಾತು ನಿಂತಿತು. ಪ್ರತಿ ವರ್ಷ ಸಂಕ್ರಮಣದ ಸುಮಾರಿಗೆ ಅಕ್ಕನ ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರಿನ ವೀಳ್ಯದೆಲೆ ಇರುತ್ತಿತ್ತು. ಯಾರು ಕೊಟ್ಟರು ಎಂದರೆ ಹಳೇ ಪೇಶಂಟು ಎನ್ನುತ್ತಿದ್ದಳು. ಅಷ್ಟು ವರ್ಷ ನಾನು ಆ ಎಲೆ ತಿಂದಿದ್ದೇನೆ.

“ಬಂದ ಕುಂತು ಒಂದ ಮಾತ ಕೇಳ್ತಿದ್ಲು. ಕೂಸು ನಿದ್ದಿ ಮಾಡ್ತೈತೇನ್ರಿ ಬಾಯಾರ, ಅಂತ. ಎಲ್ಲೈತಿ, ಯಾರ ಒಯ್ದಾರ, ಬ್ಯಾರೆ ಏನೂ ಕೇಳ್ತಿರಲಿಲ್ಲ. ಹೂಂ, ಚಲೋ ನಿದ್ದಿ ಮಾಡ್ತೈತಿ ಅಂತಿದ್ದೆ. ನೀ ದೊಡ್ಡಾಕಿ ಆಗಿರ್ತೀ ಅಂತ ಇಬ್ಬರಿಗೂ ಗೊತ್ತಿತ್ತು. ಆದ್ರೂ ಅಕಿ ಕೂಸು ಅಂತನ ಕೇಳ್ತಿದ್ಲು, ನಾ ಹಂಗನ ಹೇಳ್ತಿದ್ದೆ. ಸುಳ್ಳು ಹೇಳಿದೆ ಅಂತ ನಿನ್ನೆ ಗೊತ್ತಾತು.”

ಸರಿಸಿಟ್ಟ ಗ್ಲಾಸಿನಿಂದ ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು.

“ನೀ ನಮ್ಮ ಕಡೆ ಬಂದು ಹೋದಮ್ಯಾಲೆ ನಾ ಸವಣೂರಿಗೆ ಹೋಗಿದ್ದೆ. ನಿನ್ನ ಫೋಟೋ ತೋರಿಸಿದೆ. ಭಾಳ ಹೊತ್ತ ನೋಡಿದ್ಲು. ಕರಸಲೇನು ಅಂದೆ. ಬ್ಯಾಡ್ರಿ, ಗಂಡುಮಕ್ಕಳು ಅದಾರ, ಸೊಸಿ ಮೊಮ್ಮಕ್ಕಳು ಅದಾರ ಅಂದ್ಲು. ಶ್ರಾವಣದಾಗ ತೀರಿಕೊಂಡ್ಲು. ಅಕಿಗೆ ಕೊಟ್ಟ ಮಾತು ಒಂದ ಕಡೆ. ನಿನ್ನನ್ನ ಕಲ್ಲಿನ ಮ್ಯಾಲೆ ಬಿಟ್ಟ ಹೋಗಿದ್ರು ಅಂತ ನೀ ತಿಳಕೊಂಡ ಇರೂದು ಒಂದ ಕಡೆ. ಇನ್ನ ನನ್ನ ಕೈಲಿ ಆಗೂದಿಲ್ಲ.”

ಕಿಟಕಿಯ ಆಚೆ ಬಿಸಿಲು ಇದ್ದಲ್ಲೇ ಇತ್ತು. ಸುನ್ನಿವಾ ಬೆರಳು ಮಡಚಿ ಏನನ್ನೋ ಎಣಿಸಿದಳು.

“ನಾಳಿನ ತಾರೀಖು ನೀವು ಬರೆದದ್ದು. ಹಾಗಾದರೆ ನನಗೆ ನಲವತ್ತಾಗಿ ಎಂಟು ದಿನವಾಯಿತು,” ಎಂದು ನಕ್ಕಳು. ಆ ನಗು ಬೇಗ ನಿಂತಿತು. “ನಾನು ಅಲ್ಲಿಗೆ ಬಂದಾಗ ಅವಳು ಬದುಕಿದ್ದಳು. ಅಂದೇ ಹೇಳಬಹುದಿತ್ತು.”

ಇದನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದು ತಡವರಿಸಿದೆ.

“ಹೇಳು. ಬಿಡಬ್ಯಾಡ,” ಎಂದಳು ಅಕ್ಕ.

ಹೇಳಿದೆ.

“ಹೌದು,” ಎಂದಳು ಅಕ್ಕ.

ಸುನ್ನಿವಾ ಎದ್ದು ಬಾಗಿಲಲ್ಲಿ ಬೂಟು ಹಾಕಿಕೊಂಡು ಹೊರಗೆ ಹೋದಳು. ಬಾಗಿಲನ್ನು ಜೋರಾಗಿ ಹಾಕಲಿಲ್ಲ, ಸದ್ದಾಗದಂತೆ ಎಳೆದುಕೊಂಡಳು.

ಆರನೆಯ ದಿನ, ಹುಟ್ಟುಹಬ್ಬ

ಬೆಳಗಿನ ಐದಕ್ಕೆ ಬಾಗಿಲು ತೆರೆದ ಸದ್ದಾಯಿತು. ನಾನು ಕೋಣೆಯಿಂದ ಹೊರಗೆ ಬಂದೆ. ಅಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದಳು. ಸುನ್ನಿವಾಳ ಬೂಟು ಒದ್ದೆಯಾಗಿತ್ತು. ಸೇತುವೆ ದಾಟಿ ಗುಡ್ಡದ ತನಕ ಹೋಗಿ ಬಂದಿದ್ದಳಂತೆ. ಅಕ್ಕನ ಎದುರಿಗೆ ನಿಂತು ಕೇಳಿದಳು:

“ಅವಳು ನನ್ನನ್ನು ಹೇಗೆ ಹಿಡಿದುಕೊಳ್ಳುತ್ತಿದ್ದಳು?”

ಅಕ್ಕ ಎದ್ದು ಹೋಗಿ ಸೋಫಾದ ಮೇಲೆ ಕೂತು ಒಂದು ದಿಂಬನ್ನು ಎದೆಯ ಎಡಕ್ಕೆ ಒತ್ತಿ ಹಿಡಿದು, ಗದ್ದವನ್ನು ಅದರ ಮೇಲಿಟ್ಟು ತೋರಿಸಿದಳು. ಒಂದು ಕೈ ಕೆಳಗೆ, ಇನ್ನೊಂದು ಕೈ ತಲೆಯ ಹಿಂದೆ. ಸುನ್ನಿವಾ ನೋಡುತ್ತ ನಿಂತಳು. ಅಕ್ಕ ದಿಂಬನ್ನು ಬದಿಗಿಟ್ಟು, “ಬಾ,” ಎಂದಳು. ಆ ಎತ್ತರದ ಹೆಂಗಸು ಕಾಲು ಮಡಚಿ ಪಕ್ಕದಲ್ಲಿ ಒರಗಿ ಅಕ್ಕನ ಎದೆಗೆ ತಲೆಯಿಟ್ಟಳು. ನಾನು ಪರದೆ ಎಳೆಯಲು ಹೋದೆ. ಅಕ್ಕ ಬೇಡವೆಂದು ಕಣ್ಣಿನಲ್ಲೇ ಹೇಳಿದಳು.

ತುಂಬು ಬಿಸಿಲಿನಲ್ಲಿ ಸುನ್ನಿವಾ ಐದು ತಾಸು ಮಲಗಿದಳು. ರಾತ್ರಿಯಿಡೀ ನಡೆದವಳಿಗೆ ನಿದ್ದೆ ಹೇಗಿದ್ದರೂ ಬರುತ್ತಿತ್ತು ಎಂದು ಔಷಧ ಮಾರುವ ನಾನು ಹೇಳಬೇಕು. ಅಕ್ಕನ ಕಾಲು ಜೋಮು ಹಿಡಿದು ಆಮೇಲೆ ಇಬ್ಬರೂ ಸೇರಿ ಎಬ್ಬಿಸಿ ನಿಲ್ಲಿಸಬೇಕಾಯಿತು. ಅಂದು ಮಧ್ಯಾಹ್ನ ಅಕ್ಕನೂ ಚೆನ್ನಾಗಿ ಮಲಗಿದಳು. ಮಾರನೆಯ ದಿನ ಮತ್ತೆ ಎರಡಕ್ಕೆ ಎದ್ದು ಕೂತಿದ್ದಳು. ಈಗಲೂ ಹುಬ್ಬಳ್ಳಿಯ ಡಾಕ್ಟರು ಹೇಳಿದ ಪ್ರಮಾಣದಲ್ಲಿ ಗುಳಿಗೆ ನಡೆದಿದೆ. ಕೆಲವು ದಿನ ಬೇಕಾಗುತ್ತದೆ, ಕೆಲವು ದಿನ ಬೇಕಾಗುವುದಿಲ್ಲ.

ಹುಟ್ಟುಹಬ್ಬದ ಊಟಕ್ಕೆ ಬೆರಿತ್ ಬಂದರು. ಸುನ್ನಿವಾ ತಾನೇ ಅವರಿಗೆ ಎಲ್ಲವನ್ನೂ ತಮ್ಮ ಭಾಷೆಯಲ್ಲಿ ಹೇಳಿದಳು. ಕೇಳಿ ಮುಗಿದ ಮೇಲೆ ಬೆರಿತ್ ನನ್ನ ಕಡೆ ತಿರುಗಿ, “ನಿಮ್ಮ ಅಕ್ಕನಿಗೆ ಹೇಳಿ. ಆ ಕಲ್ಲು ಎಷ್ಟು ತಣ್ಣಗಿತ್ತೋ ಎಂದು ನಲವತ್ತು ವರ್ಷ ಯೋಚಿಸಿದ್ದೇನೆ. ಇನ್ನು ಯೋಚಿಸುವುದಿಲ್ಲ,” ಎಂದರು.

ಸುನ್ನಿವಾ ಅಂದು ಇನ್ನೊಂದೇ ಪ್ರಶ್ನೆ ಕೇಳಿದಳು. ತಾಯಿಯ ಹೆಸರು.

ಅಕ್ಕ ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡಳು. “ಅದೊಂದ ಕೇಳಬ್ಯಾಡ. ಅಕಿ ಮಕ್ಕಳಿಗೆ ಏನೂ ಗೊತ್ತಿಲ್ಲ. ಹೆಸರ ಕೊಟ್ರ ಮನೀ ತೋರಿಸಿದಂಗ ಆಗ್ತೈತಿ.”

ಸುನ್ನಿವಾ ಒತ್ತಾಯ ಮಾಡಲಿಲ್ಲ. ಉಳಿದ ನಾಲ್ಕು ದಿನಗಳಲ್ಲಿ ಮತ್ತೆ ಕೇಳಲೂ ಇಲ್ಲ. ನಮ್ಮನ್ನು ದೋಣಿಯಲ್ಲಿ ಕರೆದೊಯ್ದಳು, ಅಕ್ಕನಿಂದ ಜೋಳದ ರೊಟ್ಟಿ ಬಡಿಯಲು ಕಲಿತಳು, ಮುರಿದ ರೊಟ್ಟಿಗಳನ್ನೆಲ್ಲ ತಾನೇ ತಿಂದಳು.

ವಿಮಾನ ನಿಲ್ದಾಣ

ಹೊರಡುವ ದಿನ ನಾನು ಚೀಲಗಳನ್ನು ಹಿಡಿದು ತಪಾಸಣೆಯ ಸಾಲಿನಲ್ಲಿ ನಿಂತಿದ್ದೆ. ಅಕ್ಕ ನನ್ನ ಹಿಂದೆ ಇದ್ದವಳು, “ಒಂದ ನಿಮಿಷ ತಡಿ,” ಎಂದು ಸಾಲು ಬಿಟ್ಟು ಹೊರಗೆ ನಡೆದಳು. ಸುನ್ನಿವಾ ಇನ್ನೂ ಅಲ್ಲೇ ಗಾಜಿನ ಬಾಗಿಲ ಹತ್ತಿರ ನಿಂತಿದ್ದಳು. ನಾನೂ ಬರಲೇ ಎಂದು ಸನ್ನೆ ಮಾಡಿದೆ. ಬೇಡವೆಂದು ಅಕ್ಕ ಕೈಯಾಡಿಸಿದಳು.

ಅವಳು ಸುನ್ನಿವಾಳ ಹೆಗಲು ಹಿಡಿದು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು. ಒಂದೇ ಒಂದು ಮಾತು ಇರಬೇಕು, ಅಷ್ಟು ಚಿಕ್ಕದು. ಸುನ್ನಿವಾ ಅದನ್ನು ತಿರುಗಿ ಹೇಳಿದಳು. ಅಕ್ಕ ಅಲ್ಲವೆಂದು ತಲೆಯಾಡಿಸಿ, ಬಾಯಿ ತೆರೆದು, ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ಹಚ್ಚಿ ತೋರಿಸಿದಳು. ಸುನ್ನಿವಾ ಹಾಗೆಯೇ ಮಾಡಿ ಮತ್ತೆ ಹೇಳಿದಳು. ಅಕ್ಕ ಮತ್ತೆ ತಲೆಯಾಡಿಸಿದಳು. ಮೂರನೆಯ ಸಲ ತಲೆಯಾಡಿಸಲಿಲ್ಲ. ಅವಳ ಗದ್ದವನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಳು.

ಆ ಹೆಸರೇನೆಂದು ನಾನು ಇವತ್ತಿಗೂ ಅಕ್ಕನನ್ನು ಕೇಳಿಲ್ಲ. ಅದರಲ್ಲಿ ಒಂದು ‘ಳ’ ಇದೆ ಎಂಬುದಷ್ಟೇ ನನಗೆ ಗೊತ್ತು.